ಗಡ್ಡೆ ಅಂದ ಕೂಡಲೇ ಗಾಬರಿ ಬೇಡ: ಜೇನ್ ಕ್ರಾಫರ್ಡ್ ಎಂಬ ಗಟ್ಟಿಗಿತ್ತಿಯ ಕಥೆ

ಮೊನ್ನೆ ಬೆಳಿಗ್ಗೆ ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ, ಒಂದು ಲೋಟ ಕಾಫಿ ಹಿಡಿದು ಕೂತಿದ್ದೆ. ಅಮೃತೂರಿನಿಂದ ನಮ್ಮ ಅತ್ತಿಗೆಯ ಫೋನು. ದನಿಯಲ್ಲೇ ಅಳು ಇತ್ತು. ನಾಲ್ಕೈದು ತಿಂಗಳಿಂದ ಮುಟ್ಟಿನ ಸಮಯದಲ್ಲಿ ವಿಪರೀತ ರಕ್ತಸ್ರಾವ, ಸುಸ್ತು. ಯಾವುದಾದರೂ ಟಾನಿಕ್ ಬರೆದುಕೊಟ್ಟಾರು ಅಂದುಕೊಂಡು ಆಸ್ಪತ್ರೆಗೆ ಹೋದವರಿಗೆ ಸ್ಕ್ಯಾನಿಂಗ್ ಆಯಿತು. ಗರ್ಭಕೋಶದಲ್ಲಿ ಗಡ್ಡೆ ಇದೆ, ತೆಗೆಸಿಬಿಡಿ, ಬರುವ ವಾರವೇ ಅಡ್ಮಿಟ್ ಆಗಿ ಎಂದು ಹತ್ತೇ ನಿಮಿಷದಲ್ಲಿ ಹೇಳಿ ಕಳಿಸಿದರಂತೆ. ಡಾಕ್ಟರು ಹೇಳಿದ ಮೇಲೆ ಮುಗೀತು ಅಂತ ಅಣ್ಣ. ಮಕ್ಕಳು ಆದವಲ್ಲ, ಇನ್ನು ಅದರಿಂದ ಏನಾಗಬೇಕು ಅಂತ ಅವರ ಅತ್ತೆ. ಅತ್ತಿಗೆಗೆ ಇನ್ನೂ 43. ನಿಮಗೇನು ಅನ್ನಿಸುತ್ತೆ ಅಂತ ಅವರನ್ನು ಯಾರೂ ಕೇಳಿರಲಿಲ್ಲ.

ಗೆಳತಿಯರೇ, ನಿಮ್ಮ ಮನೆಯಲ್ಲೂ ಇಂಥ ಫೋನು ಬಂದಿರಬಹುದು. ನಾಳೆ ನಾವೇ ಆ ಕುರ್ಚಿಯಲ್ಲಿ ಕೂರಬೇಕಾಗಿಯೂ ಬರಬಹುದು. ಅತ್ತಿಗೆಗೆ ಧೈರ್ಯ ಹೇಳುವಾಗ ನನಗೆ ನೆನಪಾದದ್ದು ಇನ್ನೂರು ವರ್ಷಗಳ ಹಿಂದಿನ ಒಬ್ಬ ಗೃಹಿಣಿ. ಡಾಕ್ಟರಿಕೆ ಓದುವವರೆಲ್ಲ ಆಕೆಯ ಹೆಸರು ಕೇಳಿರುತ್ತಾರೆ. ನಾವು ಹೆಂಗಸರು ಕೂಡ ಕೇಳಿರಬೇಕಾದ ಹೆಸರು ಅದು.

ಹಳ್ಳಿಮನೆಯ ಹೆಂಗಸು

ಆಕೆ ಜೇನ್ ಟಾಡ್ ಕ್ರಾಫರ್ಡ್. ಹುಟ್ಟಿದ್ದು 1763ರ ಡಿಸೆಂಬರ್‌ನಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ. ಥಾಮಸ್ ಕ್ರಾಫರ್ಡ್ ಎಂಬಾತನನ್ನು ಮದುವೆಯಾದರು, ಮಕ್ಕಳಾದವು. 1805ರಲ್ಲಿ ಸಂಸಾರ ಸಮೇತ ಕೆಂಟಕಿಗೆ ಬಂದು, ಗ್ರೀನ್ಸ್‌ಬರ್ಗ್ ಎಂಬ ಸಣ್ಣ ಊರಿನ ಹತ್ತಿರ ನೆಲೆಸಿದರು. ಆಗ ಅದು ಕಾಡು ಕಡಿದು ಹೊಲ ಮಾಡಿಕೊಳ್ಳುತ್ತಿದ್ದ ಸೀಮೆ. ಮರದ ದಿಮ್ಮಿಯ ಮನೆ, ಹೊಲ, ದನಕರು, ಮಕ್ಕಳು. ಬೆಳಗಾದರೆ ಒಲೆ, ಸಂಜೆಯಾದರೆ ಒಲೆ. ನಮ್ಮ ಅಜ್ಜಿಯರ ಬದುಕಿಗೂ ಅವರ ಬದುಕಿಗೂ ಅಂಥ ವ್ಯತ್ಯಾಸವೇನೂ ಇರಲಿಲ್ಲ ಬಿಡಿ.

1809ರಲ್ಲಿ ಜೇನ್‌ಗೆ ಹೊಟ್ಟೆ ದಪ್ಪಗಾಗತೊಡಗಿತು. ವಯಸ್ಸು 45 ದಾಟಿತ್ತು. ನೋಡಿದ ವೈದ್ಯರು ಬಸಿರು ಎಂದರು. ಹೊಟ್ಟೆಯ ಗಾತ್ರ ನೋಡಿ ಅವಳಿ ಮಕ್ಕಳಿರಬೇಕು ಎಂದೂ ಹೇಳಿದರು. ಜೇನ್ ಕೂಡ ನಂಬಿದರು. ಯಾಕೆ ನಂಬಬಾರದು? ಹೆತ್ತು ಅನುಭವವಿದ್ದ ತಾಯಿ. ಆದರೆ ದಿನ ತುಂಬಿತು, ದಿನ ಮೀರಿತು, ಮಗು ಮಾತ್ರ ಬರಲಿಲ್ಲ. ಹೆರಿಗೆ ನೋವಿನಂಥ ನೋವು ಬರುವುದು, ಹೋಗುವುದು. ಕೊನೆಗೆ ಆ ವೈದ್ಯರು ಡ್ಯಾನ್ವಿಲ್ ಎಂಬ ಊರಿನ ಸರ್ಜನ್ ಒಬ್ಬರಿಗೆ ಹೇಳಿ ಕಳಿಸಿದರು.

ಇದನ್ನು ಗಮನಿಸಿ ನೋಡಿ. ತಮ್ಮ ಲೆಕ್ಕ ತಪ್ಪಿರಬಹುದು ಅನ್ನಿಸಿದಾಗ ಆ ವೈದ್ಯರು ಇನ್ನೊಬ್ಬರನ್ನು ಕರೆಸಿದರು. ಇನ್ನೊಬ್ಬ ಡಾಕ್ಟರ ಹತ್ತಿರ ಕೇಳುವುದು ಮೊದಲಿನವರಿಗೆ ಅವಮಾನ ಅಂತ ನಾವು ಇವತ್ತಿಗೂ ಹಿಂಜರಿಯುತ್ತೇವೆ, ಅಲ್ವಾ?

ಬಸಿರಲ್ಲ, ಗಡ್ಡೆ

ಬಂದವರು ಡಾ. ಎಫ್ರೇಮ್ ಮೆಕ್‌ಡೋವೆಲ್. ವಯಸ್ಸು 38. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಓದಿ ಬಂದವರು. 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ಕುದುರೆ ಮೇಲೆ ಬಂದರು. ಅಮೃತೂರಿನಿಂದ ಬೆಂಗಳೂರಿಗೆ ಹೋದಷ್ಟೇ ದೂರ ಅಂದುಕೊಳ್ಳಿ. ಸ್ಕ್ಯಾನಿಂಗ್, ಎಕ್ಸ್‌ರೇ ಯಾವುದೂ ಇಲ್ಲದ ಕಾಲ. ನಮ್ಮ ಮೈಸೂರು ಸೀಮೆಯಲ್ಲಿ ಆಗ ದಿವಾನ್ ಪೂರ್ಣಯ್ಯನವರ ಆಡಳಿತ. ಡಾಕ್ಟರು ಕೈಯಿಂದ ಪರೀಕ್ಷೆ ಮಾಡಿ ನೋಡಿದರು. ಗರ್ಭಕೋಶದಲ್ಲಿ ಮಗು ಇರಲಿಲ್ಲ. ಅಂಡಾಶಯದಲ್ಲಿ ಬೆಳೆದ ದೊಡ್ಡ ಗಡ್ಡೆ ಹೊಟ್ಟೆಯನ್ನೆಲ್ಲ ತುಂಬಿತ್ತು.

ಮಗುವಿಗಾಗಿ ಕಾಯುತ್ತಿದ್ದ ತಾಯಿಗೆ ಇದನ್ನು ಹೇಗೆ ಹೇಳುವುದು? ಡಾಕ್ಟರು ಮುಚ್ಚಿಡಲಿಲ್ಲ. ಗಂಡನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿಯೂ ಹೇಳಲಿಲ್ಲ. ಜೇನ್‌ಗೇ ಹೇಳಿದರು. ಹೀಗೇ ಬಿಟ್ಟರೆ ಸಾವು ಬರುತ್ತದೆ. ಹೊಟ್ಟೆ ಕೊಯ್ದು ಗಡ್ಡೆ ತೆಗೆಯಬಹುದು, ಆದರೆ ಅಂಥದ್ದನ್ನು ತಾನು ಮಾಡಿಲ್ಲ, ಬೇರೆಯವರು ಮಾಡಿ ಗೆದ್ದದ್ದೂ ಕೇಳಿಲ್ಲ. ಹೊಟ್ಟೆ ತೆರೆದರೆ ರೋಗಿ ಉಳಿಯುವುದಿಲ್ಲ ಅಂತಲೇ ದೊಡ್ಡ ದೊಡ್ಡ ಸರ್ಜನ್‌ಗಳ ಅಭಿಪ್ರಾಯ. ಇದು ಒಂದು ಪ್ರಯೋಗ ಅಷ್ಟೇ. ಒಪ್ಪಿದರೆ ಡ್ಯಾನ್ವಿಲ್‌ಗೆ ಬರಬೇಕು. ಇಷ್ಟನ್ನೂ ಬಿಡಿಸಿ ಹೇಳಿದರು.

ಯೋಚಿಸಿ. ಮಂಪರು ಬರಿಸುವ ಈಥರ್ ಆಪರೇಷನ್ ಕೋಣೆಗೆ ಬಂದದ್ದು 1846ರಲ್ಲಿ. ಗಾಯಕ್ಕೆ ನಂಜಾಗದಂತೆ ನೋಡಿಕೊಳ್ಳುವ ಲಿಸ್ಟರ್ ಅವರ ವಿಧಾನ ಬಂದದ್ದು 1867ರಲ್ಲಿ. 1809ರಲ್ಲಿ ಕೊಯ್ಯುವುದೆಂದರೆ ಎಚ್ಚರವಾಗಿರುವಾಗಲೇ ಕೊಯ್ಯುವುದು.

ಜೇನ್ ಎಲ್ಲ ಕೇಳಿಸಿಕೊಂಡರು. ಆಮೇಲೆ ಬರುತ್ತೇನೆ ಎಂದರು. ತೀರ್ಮಾನ ಅವರದ್ದೇ.

ಕ್ರಿಸ್‌ಮಸ್ ದಿನದ ಆಪರೇಷನ್

ಮನೆ ಮಕ್ಕಳನ್ನು ಬಿಟ್ಟು, ಡಿಸೆಂಬರಿನ ಚಳಿಯಲ್ಲಿ, ಅದೇ 60 ಮೈಲಿಯನ್ನು ಜೇನ್ ಕುದುರೆ ಮೇಲೆ ಸಾಗಿದರು. ಆ ಭಾರದ ಹೊಟ್ಟೆ ಜೀನಿನ ಮುಂಗೊಂಬಿಗೆ ಒತ್ತಿ ಒತ್ತಿ ಚರ್ಮ ಕಂದಿಹೋಗಿತ್ತು. ನಾವು ಹೊಟ್ಟೆನೋವು ಅಂದರೆ ಆಟೋ ಹತ್ತುವುದಕ್ಕೂ ಹಿಂದೆಮುಂದೆ ನೋಡುತ್ತೇವೆ!

ಡ್ಯಾನ್ವಿಲ್‌ನಲ್ಲಿ ಡಾಕ್ಟರ ಮನೆಯೇ ಆಸ್ಪತ್ರೆ. 1809ರ ಡಿಸೆಂಬರ್ 25, ಕ್ರಿಸ್‌ಮಸ್ ದಿನವೇ ಆಪರೇಷನ್ ನಡೆಯಿತು ಎನ್ನುತ್ತಾರೆ. ಜೇನ್‌ಗೆ ಆಗಷ್ಟೇ 46 ತುಂಬಿತ್ತು. ಟೇಬಲ್ ಮೇಲೆ ಮಲಗಿ, ಬೈಬಲ್ಲಿನ ಕೀರ್ತನೆಗಳನ್ನು ಹೇಳಿಕೊಳ್ಳುತ್ತಾ ನೋವು ತಡೆದುಕೊಂಡರಂತೆ. ಗಡ್ಡೆ ಎಷ್ಟು ದೊಡ್ಡದೆಂದರೆ ಇಡಿಯಾಗಿ ಹೊರತೆಗೆಯಲು ಆಗಲೇ ಇಲ್ಲ. ಒಳಗಿನ ಲೋಳೆಯಂಥದ್ದನ್ನು ಮೊದಲು ತೆಗೆದು, ಆಮೇಲೆ ಚೀಲವನ್ನು ತೆಗೆದರು. ಎಲ್ಲ ಸೇರಿ ಇಪ್ಪತ್ತೆರಡೂವರೆ ಪೌಂಡು. ನಾವು ಅಂಗಡಿಯಿಂದ ತರುವ 10 ಕೆ.ಜಿ. ಅಕ್ಕಿ ಚೀಲದಷ್ಟು ತೂಕ! ಇಷ್ಟೆಲ್ಲ ನಡೆದದ್ದು 25 ನಿಮಿಷಗಳಲ್ಲಿ.

ಐದನೇ ದಿನ ಡಾಕ್ಟರು ನೋಡಲು ಹೋದರೆ ಜೇನ್ ಎದ್ದು ತಮ್ಮ ಹಾಸಿಗೆ ತಾವೇ ಸರಿಮಾಡುತ್ತಿದ್ದರು. ಗೃಹಿಣಿ ಅಂದರೆ ಎಲ್ಲಿದ್ದರೂ ಗೃಹಿಣಿಯೇ. ಡಾಕ್ಟರು ಗದರಿ ಮಲಗಿಸಬೇಕಾಯಿತು. 25 ದಿನಗಳ ನಂತರ ಅವರು ತಮ್ಮ ಊರಿಗೆ ಹೊರಟರು.

ಆಮೇಲೆ ಎಷ್ಟು ವರ್ಷ ಬದುಕಿದರು ಗೊತ್ತಾ? 32 ವರ್ಷ! ಮುಂದೆ ಇಂಡಿಯಾನಾ ರಾಜ್ಯಕ್ಕೆ ಹೋಗಿ ನೆಲೆಸಿದ ಅವರು 1842ರಲ್ಲಿ, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಆಪರೇಷನ್ ಮಾಡಿದ ಡಾಕ್ಟರು 1830ರಲ್ಲೇ ಹೋಗಿಬಿಟ್ಟಿದ್ದರು. ಅವರು ಈ ಸಂಗತಿಯನ್ನು ವೈದ್ಯ ಪತ್ರಿಕೆಯಲ್ಲಿ ಬರೆದದ್ದು 1817ರಲ್ಲಿ, ಇನ್ನೂ ಇಬ್ಬರಿಗೆ ಇದೇ ಆಪರೇಷನ್ ಮಾಡಿದ ಮೇಲೆ. ಲಂಡನ್ನಿನ ಪಂಡಿತರು ಮೊದಲು ನಂಬಲಿಲ್ಲ. ಇವತ್ತು ಡ್ಯಾನ್ವಿಲ್‌ನ ಆ ಮನೆ ಮ್ಯೂಸಿಯಂ ಆಗಿದೆ. ಗ್ರೀನ್ಸ್‌ಬರ್ಗ್‌ನ ಜನ ತಮ್ಮ ಆಸ್ಪತ್ರೆಗೆ ಜೇನ್ ಅವರ ಹೆಸರನ್ನೇ ಇಟ್ಟರು.

ಈ ಕಥೆ ನಮಗೇಕೆ?

ಜೇನ್ ಆಪರೇಷನ್ ಮಾಡಿಸಿಕೊಂಡರು, ನೀವೂ ಮಾಡಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಆಪರೇಷನ್ ಬೇಡವೇ ಬೇಡ ಅಂತಲೂ ಅಲ್ಲ. ಈ ಕಥೆಯಲ್ಲಿ ಮೂರು ಸಂಗತಿ ನಡೆದವು. ಮೊದಲ ಮಾತನ್ನೇ ಕೊನೆಯ ಮಾತು ಮಾಡದೆ ಮತ್ತೊಬ್ಬರು ಪರೀಕ್ಷಿಸಿದರು. ಇದ್ದದ್ದನ್ನು ಇದ್ದ ಹಾಗೆ ಆಕೆಗೇ ಹೇಳಿದರು. ತೀರ್ಮಾನ ಆಕೆ ಮಾಡಿದರು. ಇನ್ನೂರು ವರ್ಷಗಳ ಹಿಂದೆ ಕಾಡಿನ ಅಂಚಿನ ಹೆಂಗಸಿಗೆ ಸಿಕ್ಕಿದ್ದು ನಮಗೆ ಸಿಗುತ್ತಿದೆಯೇ?

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ಕಲಬುರಗಿ ಜಿಲ್ಲೆಯ ತಾಂಡಾ, ಹಳ್ಳಿಗಳ ಹೆಣ್ಣುಮಕ್ಕಳು ಹೊಟ್ಟೆನೋವು, ಬಿಳಿ ಸೆರಗು ಅಂತ ಹೋದರೆ, ಕ್ಯಾನ್ಸರ್ ಆಗುತ್ತೆ ಎಂದು ಹೆದರಿಸಿ ಗರ್ಭಕೋಶ ತೆಗೆದ ಪ್ರಕರಣಗಳು 2015ರಲ್ಲಿ ಬಯಲಿಗೆ ಬಂದವು. ಸರ್ಕಾರ ತನಿಖೆ ನಡೆಸಿತು. 2017ರಲ್ಲಿ ನೊಂದ ಹೆಂಗಸರೇ ನ್ಯಾಯ ಕೇಳಿ ಕಲಬುರಗಿಯಲ್ಲಿ ಬೀದಿಗಿಳಿದರು. ಅವರಲ್ಲಿ ಎಷ್ಟೋ ಜನ 40 ಕೂಡ ದಾಟಿರಲಿಲ್ಲ. ಬೇರೆ ರಾಜ್ಯಗಳಲ್ಲೂ ಇಂಥದ್ದು ನಡೆದಿದೆ ಎಂಬ ಅರ್ಜಿಯ ಮೇಲೆ, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇನ್ನೊಂದು ತೀರ್ಪೂ ನಿಮಗೆ ಗೊತ್ತಿರಲಿ. ದೆಹಲಿಯ ಮಹಿಳೆಯೊಬ್ಬರು ಹೊಟ್ಟೆಯೊಳಗೆ ನೋಡುವ ಪರೀಕ್ಷೆಗೆ ಸಹಿ ಹಾಕಿದ್ದರು. ಮಂಪರಿನಲ್ಲಿದ್ದಾಗ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆಯಲಾಯಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಒಪ್ಪಿಗೆಯಲ್ಲ, ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದರೆ ರೋಗಿಯ ಪರವಾಗಿ ಮನೆಯವರು ಒಪ್ಪಿದರೂ ಸಾಲದು ಎಂದು 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಿಮ್ಮ ಸಹಿಗೆ ಅಷ್ಟು ಬೆಲೆ ಇದೆ ಗೆಳತಿಯರೇ.

ಡಾಕ್ಟರ ಮುಂದೆ ಏನು ಕೇಳಬೇಕು?

ನಲವತ್ತರ ಆಸುಪಾಸಿನಲ್ಲಿ ಬಹಳ ಜನರಿಗೆ ಕಾಣಿಸುವ ಗಡ್ಡೆ ಫೈಬ್ರಾಯ್ಡ್. ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ತೊಂದರೆ ಕೊಡದಿದ್ದರೆ ಸುಮ್ಮನೆ ಗಮನಿಸುತ್ತಾ ಇರಬಹುದು. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತವೆ. ಆದ್ದರಿಂದ ಗಾಬರಿ ಬಿಟ್ಟು, ಒಂದು ಹಾಳೆಯಲ್ಲಿ ಇವನ್ನು ಬರೆದುಕೊಂಡು ಹೋಗಿ.

1. ನನಗಿರುವ ಕಾಯಿಲೆಯ ಹೆಸರೇನು? ಗಡ್ಡೆ ಎಷ್ಟು ದೊಡ್ಡದು, ಎಲ್ಲಿದೆ, ಗರ್ಭಕೋಶದಲ್ಲೋ ಅಂಡಾಶಯದಲ್ಲೋ? ಬರೆದು ಕೊಡಿ ಎನ್ನಿ.

2. ಕ್ಯಾನ್ಸರ್ ಅನುಮಾನ ಇದೆಯೇ? ಇದ್ದರೆ ಯಾವ ಪರೀಕ್ಷೆಯಿಂದ ಖಚಿತವಾಗುತ್ತದೆ? ಬಯಾಪ್ಸಿ ಬೇಕೇ?

3. ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ, ಗಡ್ಡೆ ಮಾತ್ರ ತೆಗೆಯುವುದು, ಇವುಗಳಲ್ಲಿ ಯಾವುದಾದರೂ ನನಗೆ ಆಗುತ್ತದೆಯೇ?

4. ಆಪರೇಷನ್ ಆದರೆ ಏನೇನು ತೆಗೆಯುತ್ತೀರಿ? ಮುಟ್ಟು ನಿಲ್ಲುವ ಮೊದಲೇ ಎರಡೂ ಅಂಡಾಶಯ ತೆಗೆದರೆ ಒಮ್ಮೆಲೇ ಮುಟ್ಟು ನಿಂತು ಮೈ ಬಿಸಿಯಾಗುವುದು, ನಿದ್ದೆಗೇಡು, ಮೂಳೆ ಸವೆತ ಶುರುವಾಗುತ್ತದೆ. ಇದನ್ನು ಮೊದಲೇ ತಿಳಿದುಕೊಳ್ಳಿ.

5. ಮೂರು ತಿಂಗಳು ಕಾದರೆ ಏನಾಗುತ್ತದೆ?

ರಿಪೋರ್ಟು, ಫಿಲ್ಮು ಎಲ್ಲ ಫೈಲ್ ಮಾಡಿ ಇಟ್ಟುಕೊಳ್ಳಿ. ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಅದು ನಿಮ್ಮ ಹಕ್ಕು, ಮೊದಲಿನ ಡಾಕ್ಟರ ಮೇಲಿನ ಅಪನಂಬಿಕೆ ಅಲ್ಲ.

ಹಾಗಂತ ಕೇಳುತ್ತಾ ಕೂತು ಕಾಲ ಕಳೆಯಬೇಡಿ. ಮುಟ್ಟು ನಿಂತು ವರ್ಷವಾದ ಮೇಲೆ ಸ್ವಲ್ಪ ರಕ್ತ ಕಂಡರೂ, ಗಂಡ ಹೆಂಡತಿ ಸೇರಿದ ನಂತರ ರಕ್ತ ಕಂಡರೂ, ಹೊಟ್ಟೆ ಬೇಗ ಬೇಗ ದಪ್ಪಗಾದರೂ, ತಡೆಯದ ನೋವು ಅಥವಾ ನಿಲ್ಲದ ರಕ್ತಸ್ರಾವ ಇದ್ದರೂ ಅವತ್ತೇ ತೋರಿಸಬೇಕು. ಕ್ಯಾನ್ಸರ್ ಅಂತ ಖಚಿತವಾದರೆ ನಾಚಿಕೆ, ಹೆದರಿಕೆ, ಹಬ್ಬ, ಮದುವೆ ಅಂತ ಚಿಕಿತ್ಸೆ ಮುಂದೂಡಬಾರದು. ಜೇನ್ ಮುಂದೂಡಿದ್ದರೆ ಆ 32 ವರ್ಷ ಅವರಿಗೆ ಸಿಗುತ್ತಿರಲಿಲ್ಲ.

ಅತ್ತಿಗೆ ಏನು ಮಾಡಿದರು?

ಮರುದಿನವೇ ಫೈಲ್ ಹಿಡಿದು ತುಮಕೂರಿಗೆ, ನಮ್ಮ ಮನೆಗೆ ಬಂದರು. ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಪ್ರಶ್ನೆಗಳನ್ನು ಬರೆದೆವು. ಬೇರೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ನಾನು ಬಾಯಿ ತೆಗೆಯಲಿಲ್ಲ, ಹಾಳೆ ನೋಡಿಕೊಂಡು ಅತ್ತಿಗೆಯೇ ಕೇಳಿದರು. ನಿಂಬೆಹಣ್ಣಿನ ಗಾತ್ರದ ಫೈಬ್ರಾಯ್ಡ್. ಮೈಯಲ್ಲಿ ರಕ್ತ ಕಡಿಮೆ, ಮೊದಲು ಅದು ಸರಿಯಾಗಬೇಕು. ಬಯಾಪ್ಸಿ ಮಾಡಿಸಿದರು, ಕ್ಯಾನ್ಸರ್ ಇಲ್ಲ ಅಂತ ಬಂತು. ಮಾತ್ರೆ ಕೊಟ್ಟಿದ್ದಾರೆ. ಮೂರು ತಿಂಗಳಲ್ಲಿ ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ಆಪರೇಷನ್ ಬಗ್ಗೆ ಮತ್ತೆ ಕೂತು ಮಾತಾಡೋಣ ಎಂದಿದ್ದಾರೆ.

ಆಗ ಅತ್ತಿಗೆ ಬೇಕು ಅನ್ನಬಹುದು, ಬೇಡ ಅನ್ನಬಹುದು. ಯಾವುದು ಹೇಳಿದರೂ ತಿಳಿದು ಹೇಳುತ್ತಾರೆ. ಊರಿಗೆ ಹೊರಡುವಾಗ ಆ ಕ್ಯಾಲೆಂಡರ್ ಹಾಳೆಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ಬೀದಿಯಲ್ಲಿ ಇನ್ನೊಬ್ಬರಿಗೂ ಹೀಗೇ ಹೇಳಿದ್ದಾರಂತೆ, ಅವರಿಗೂ ಕೊಡಬೇಕು ಅಂದರು. ನೀವೂ ಈ ಪುಟ ಕತ್ತರಿಸಿ ಇಟ್ಟುಕೊಳ್ಳಿ. ಇವತ್ತು ನಿಮಗೆ ಬೇಡದಿದ್ದರೂ, ನಾಳೆ ನಿಮ್ಮ ಅಕ್ಕತಂಗಿಯರಲ್ಲಿ ಯಾರಿಗಾದರೂ ಬೇಕಾದೀತು.