ಕಾಣದುದನ್ನು ತೂಗಿದ ಜ್ವಿಕಿ

ನಮ್ಮೂರು ದುಬಲಗುಂಡಿ. ಬೇಸಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿ ಉತ್ತರೆಯನ್ನೂ ಸ್ವಾತಿಯನ್ನೂ ಗುರುತಿಸುವುದು ನನ್ನ ರೂಢಿ. ನಮ್ಮ ರೈತರಿಗೆ ಇವು ಮಳೆಯ ಹೆಸರುಗಳು. ಇವೆರಡರ ನಡುವೆ ಬರಿಗಣ್ಣಿಗೆ ಬರಿದಾಗಿ ತೋರುವ ಎಡೆಯಲ್ಲಿ, 30 ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆ, ಸಾವಿರಕ್ಕೂ ಹೆಚ್ಚು ಗೆಲಕ್ಸಿಗಳು ಗುಂಪುಗೂಡಿವೆ. ಆ ಕೋಮಾ ಗುಚ್ಛವನ್ನು ತೂಗಿ ನೋಡಿದ ಮಹನೀಯರು ಫ್ರಿಟ್ಜ್ ಜ್ವಿಕಿ.

ಜ್ವಿಕಿಯವರು 1898ರಲ್ಲಿ ಬಲ್ಗೇರಿಯದ ವಾರ್ನಾ ನಗರದಲ್ಲಿ ಜನಿಸಿದರು. ಆರನೆಯ ವಯಸ್ಸಿಗೆ ತಂದೆಯ ನಾಡಾದ ಸ್ವಿಟ್ಜರ್ಲೆಂಡಿಗೆ, ಅಜ್ಜ-ಅಜ್ಜಿಯರ ಆಶ್ರಯಕ್ಕೆ ಬಂದರು. ಜ್ಯೂರಿಕ್ಕಿನಲ್ಲಿ ಭೌತವಿಜ್ಞಾನವನ್ನು ಅಭ್ಯಸಿಸಿ, 1925ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಕ್ಕೆ ತೆರಳಿ ಅಲ್ಲಿಯೇ ನೆಲೆಸಿದರು.

ಜೋಳದ ಹೊಲ ಕಾಯುವವನು ಕವಣೆ ಬೀಸುವುದನ್ನು ನಾವೆಲ್ಲ ಕಂಡಿದ್ದೇವೆ. ಕಲ್ಲು ವೇಗವಾಗಿ ತಿರುಗಿದಷ್ಟೂ ಹಗ್ಗದ ಹಿಡಿತ ಬಲವಾಗಿರಬೇಕು. ಕೋಮಾ ಗುಚ್ಛದ ಗೆಲಕ್ಸಿಗಳ ವೇಗಗಳಲ್ಲಿ ಸೆಕೆಂಡಿಗೆ ಸುಮಾರು 1000 ಕಿಲೋಮೀಟರುಗಳ ಅಂತರವಿತ್ತು. ಕಣ್ಣಿಗೆ ಕಾಣುವ ದ್ರವ್ಯದ ಗುರುತ್ವವಷ್ಟೇ ಹಗ್ಗವಾಗಿದ್ದರೆ ಗುಚ್ಛವು ಎಂದೋ ಚದುರಿಹೋಗಬೇಕಾಗಿತ್ತು. ಆದ್ದರಿಂದ ಕಾಣದ ದ್ರವ್ಯವು ಅಲ್ಲಿ ಅಪಾರವಾಗಿರಬೇಕೆಂದು ಅವರು 1933ರಲ್ಲಿ ಪ್ರಕಟಿಸಿದರು. ಅವರ ಲೆಕ್ಕದಂತೆ ಅದು ನೂರಾರು ಪಟ್ಟು. ದೂರಗಳ ಅಳತೆ ತಿದ್ದುಪಡಿಯಾದ ಮೇಲೆ ಆ ಸಂಖ್ಯೆ ತಗ್ಗಿತು. ತೀರ್ಮಾನ ಮಾತ್ರ ನಿಂತಿತು.

ಆದರೆ ಸುಮಾರು 40 ವರ್ಷ ಅದಕ್ಕೆ ಹೆಚ್ಚಿನ ಮನ್ನಣೆ ದೊರೆಯಲಿಲ್ಲ. ಜ್ವಿಕಿಯವರ ನಾಲಗೆ ಹರಿತ. ಸಹೋದ್ಯೋಗಿಗಳಲ್ಲಿ ಹಲವರು ದೂರ ಸರಿದರು. ಆದರೂ ಅವರ ಹೃದಯ ಕಠಿಣವಾದುದಲ್ಲ. ಎರಡನೆಯ ಮಹಾಯುದ್ಧದಲ್ಲಿ ಹಾಳಾದ ಗ್ರಂಥಾಲಯಗಳಿಗೆ ಅವರು ಪುಸ್ತಕಗಳನ್ನು ಸಂಗ್ರಹಿಸಿ ಕಳುಹಿಸಿದರು. 1974ರಲ್ಲಿ ಅವರು ಕಾಲವಾದರು.

ಅವರು ಬಿಟ್ಟುಹೋದ ಇನ್ನೊಂದು ವಿಚಾರವೇ ಮುಂದೆ ಅವರ ಪರವಾಗಿ ಸಾಕ್ಷಿ ನುಡಿಯಿತು. ಗೆಲಕ್ಸಿಗಳ ಗುರುತ್ವವು ಹಿಂದಿನಿಂದ ಬರುವ ಬೆಳಕನ್ನು ಮಸೂರದಂತೆ ಬಾಗಿಸುವುದೆಂದೂ, ಅದರಿಂದ ಅವುಗಳ ತೂಕವನ್ನು ಅಳೆಯಬಹುದೆಂದೂ 1937ರಲ್ಲಿ ಅವರು ಸೂಚಿಸಿದ್ದರು. ಬುಲೆಟ್ ಗುಚ್ಛವೆಂಬಲ್ಲಿ ಎರಡು ಗೆಲಕ್ಸಿಗುಚ್ಛಗಳು ಡಿಕ್ಕಿ ಹೊಡೆದು ಒಂದನ್ನೊಂದು ಹಾದುಹೋಗಿವೆ. ಗೆಲಕ್ಸಿಗಳ ನಡುವೆ ಬಹಳ ಎಡೆಯಿರುವುದರಿಂದ ಅವು ತಡೆಯಿಲ್ಲದೆ ಮುಂದೆ ಸಾಗಿದವು. ಅವುಗಳಿಗಿಂತ ಹೆಚ್ಚು ತೂಕದ ಬಿಸಿ ಅನಿಲವಾದರೋ ಪರಸ್ಪರ ತಾಗಿ ಹಿಂದುಳಿಯಿತು. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನು ಹೊತ್ತ ಚಂದ್ರಾ ದೂರದರ್ಶಕವು ಆ ಅನಿಲವನ್ನು ತೋರಿಸಿತು. ಕಾಣುವ ದ್ರವ್ಯವಷ್ಟೇ ಇದ್ದಿದ್ದರೆ ಹೆಚ್ಚಿನ ತೂಕವು ಅನಿಲವಿದ್ದೆಡೆಯೇ ಇರಬೇಕಾಗಿತ್ತು. ಆದರೆ 2006ರಲ್ಲಿ ಬೆಳಕಿನ ಬಾಗುವಿಕೆಯಿಂದ ಅಳೆದಾಗ, ತೂಕವು ಗೆಲಕ್ಸಿಗಳೊಡನೆ ಮುಂದೆ ಸಾಗಿರುವುದು ಕಂಡುಬಂದಿತು. ಡಿಕ್ಕಿಗೂ ಜಗ್ಗದೆ ಹಾದುಹೋದ ಕಾಣದ ದ್ರವ್ಯ ಅಲ್ಲಿತ್ತು.

ಆ ದ್ರವ್ಯ ಯಾವುದರಿಂದಾದುದೆಂದು ಇಂದಿಗೂ ತಿಳಿದಿಲ್ಲ. ಜ್ವಿಕಿಯವರು ಅದನ್ನು ಕಾಣಲಿಲ್ಲ, ತಮ್ಮ ಗೆಲುವನ್ನೂ ಕಾಣಲಿಲ್ಲ. ಲೆಕ್ಕವನ್ನು ಸರಿಯಾಗಿ ಮಾಡಿಟ್ಟು ಹೋದರು. ಉತ್ತರೆ ಸ್ವಾತಿಗಳ ನಡುವಿನ ಆ ಕತ್ತಲೆಯನ್ನು ಈಗ ನಾನು ಬರಿದೆಂದು ಕರೆಯಲಾರೆ.