ತಾತಗುಣಿಯ ದೇವಿಕಾ ರಾಣಿ

ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನ ಹೆಸರನ್ನು ನಮ್ಮಲ್ಲಿ ಬಹುಪಾಲು ಜನ ಕೇಳಿರುವುದು ಮೊಕದ್ದಮೆಯ ಸುದ್ದಿಯಾಗಿ. ಅದರ ಒಡತಿಯಾಗಿದ್ದ ದೇವಿಕಾ ರಾಣಿಯವರನ್ನು ಭಾರತೀಯ ಚಿತ್ರರಂಗದ ಪ್ರಥಮ ಮಹಿಳೆ ಎಂದು ಸ್ಮರಿಸುವುದುಂಟು. ಆದರೆ ಅವರು ಚೆಲುವೆಯಾದ ನಟಿ ಮಾತ್ರವಲ್ಲ, ದೊಡ್ಡ ಉದ್ಯಮವೊಂದನ್ನು ಕಷ್ಟಕಾಲದಲ್ಲಿ ನಡೆಸಿದ ಆಡಳಿತಗಾರ್ತಿಯೂ ಹೌದು.

1908ರಲ್ಲಿ ವಿಶಾಖಪಟ್ಟಣದ ಬಳಿಯ ವಾಲ್ಟೇರಿನಲ್ಲಿ ಹುಟ್ಟಿದ ಅವರದು ಠಾಕೂರ್ ಮನೆತನದ ನೆಂಟಸ್ತಿಕೆಯಿದ್ದ ಬಂಗಾಳಿ ಕುಲೀನ ಕುಟುಂಬ. ತಂದೆ ಕರ್ನಲ್ ಮನ್ಮಥನಾಥ ಚೌಧುರಿ ಮದರಾಸು ಪ್ರಾಂತ್ಯದ ಸರ್ಜನ್ ಜನರಲ್ ಆದ ಮೊದಲ ಭಾರತೀಯರು. ಮಗಳು ಎಳೆಯ ವಯಸ್ಸಿನಲ್ಲೇ ಇಂಗ್ಲೆಂಡಿನ ವಸತಿ ಶಾಲೆ ಸೇರಿ, ಮುಂದೆ ಅಲ್ಲಿಯೇ ನಾಟಕ, ಸಂಗೀತ, ವಸ್ತ್ರವಿನ್ಯಾಸಗಳನ್ನು ಕಲಿತರು. 1929ರಲ್ಲಿ ನಿರ್ಮಾಪಕ ಹಿಮಾಂಶು ರಾಯ್ ಅವರನ್ನು ವರಿಸಿ ಜರ್ಮನಿಯ ಯೂಫಾ ಸ್ಟುಡಿಯೋದಲ್ಲಿ ಚಿತ್ರತಂತ್ರದ ಪರಿಚಯ ಮಾಡಿಕೊಂಡರು. ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ತಯಾರಾದ 'ಕರ್ಮ' (1933) ಲಂಡನ್ನಿನಲ್ಲಿ ಮೆಚ್ಚುಗೆ ಗಳಿಸಿತು. ಇಲ್ಲಿ ಅಷ್ಟಾಗಿ ನಡೆಯಲಿಲ್ಲ.

ಮನೆತನಸ್ಥ ಹೆಣ್ಣುಮಕ್ಕಳು ಸಿನಿಮಾದ ಹೆಸರೆತ್ತಲೂ ಅಂಜುತ್ತಿದ್ದ ದಿನಗಳವು. 1934ರಲ್ಲಿ ದಂಪತಿ ಮಲಾಡಿನಲ್ಲಿ ಕಟ್ಟಿದ ಬಾಂಬೆ ಟಾಕೀಸ್, ಷೇರು ಬಂಡವಾಳದ ಮೇಲೆ ನಿಂತ ಕಂಪನಿ. ಜರ್ಮನ್ ನಿರ್ದೇಶಕ ಫ್ರಾಂಜ್ ಆಸ್ಟೆನ್, ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಅಲ್ಲಿ ದುಡಿದರು. ನಾಯಕನಟನೊಬ್ಬನೊಂದಿಗೆ ದೇವಿಕಾ ರಾಣಿ ಮನೆ ಬಿಟ್ಟು ಹೋಗಿ ಮರಳಿದ ಪ್ರಸಂಗವನ್ನು ಇಂದಿಗೂ ಚಪ್ಪರಿಸುವವರಿದ್ದಾರೆ. ಅದರ ಫಲವಾಗಿ ಪ್ರಯೋಗಾಲಯದ ಸಹಾಯಕರೊಬ್ಬರು ನಾಯಕರಾದರು. ಅವರೇ ಅಶೋಕ್ ಕುಮಾರ್. ಈ ಜೋಡಿಯ 'ಅಛೂತ್ ಕನ್ಯಾ' (1936) ಬ್ರಾಹ್ಮಣ ಯುವಕ ಮತ್ತು ಅಸ್ಪೃಶ್ಯ ಯುವತಿಯ ಪ್ರೇಮವನ್ನು ಜನಸಾಮಾನ್ಯರ ಮುಂದಿಟ್ಟಿತು. ಇಂಗ್ಲೆಂಡಿನಲ್ಲಿ ಬೆಳೆದ ಶ್ರೀಮಂತರ ಮಗಳು ಹಳ್ಳಿಯ ದಲಿತ ಹುಡುಗಿಯಾದದ್ದು ಇಂದು ಕೊಂಚ ಕೃತಕವಾಗಿ ಕಂಡೀತು. ಆದರೆ ಆ ವಸ್ತುವನ್ನು ಆಯ್ದುಕೊಂಡ ಧೈರ್ಯ ಕಡಿಮೆಯದಲ್ಲ.

1939ರಲ್ಲಿ ಯುದ್ಧ ಆರಂಭವಾಗುತ್ತಲೇ ಜರ್ಮನ್ ತಂತ್ರಜ್ಞರು ಬಂಧನಕ್ಕೊಳಗಾದರು. ಮರುವರ್ಷ ಹಿಮಾಂಶು ರಾಯ್ ತೀರಿಕೊಂಡರು. ಮೂವತ್ತೆರಡರ ವಿಧವೆಯ ಹೆಗಲಿಗೆ ಇಡೀ ಸ್ಟುಡಿಯೋ ಬಿತ್ತು. ಒಳಗೇ ಎರಡು ಬಣಗಳು. ಶಶಧರ್ ಮುಖರ್ಜಿಯವರ ಬಣ 1943ರಲ್ಲಿ ಹೊರನಡೆದು ಫಿಲ್ಮಿಸ್ತಾನ್ ಸ್ಥಾಪಿಸಿತು. ಆದರೂ ಅದೇ ವರ್ಷ ಬಾಂಬೆ ಟಾಕೀಸ್ ಲಾಂಛನದಲ್ಲಿ ಬಂದ 'ಕಿಸ್ಮತ್' ಕೋಲ್ಕತ್ತದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಯೂಸುಫ್ ಖಾನ್ ಎಂಬ ತರುಣನನ್ನು ಗುರುತಿಸಿ 1944ರಲ್ಲಿ ದಿಲೀಪ್ ಕುಮಾರ್ ಆಗಿ ತೆರೆಗೆ ತಂದವರೂ ಅವರೇ.

1945ರಲ್ಲಿ ಎಲ್ಲವನ್ನೂ ಬಿಟ್ಟು ರಷ್ಯನ್ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರ ಕೈಹಿಡಿದರು. ಕೆಲಕಾಲ ಹಿಮಾಲಯದ ತಪ್ಪಲಿನಲ್ಲಿದ್ದು ಬೆಂಗಳೂರಿಗೆ ಬಂದ ದಂಪತಿ, 450 ಎಕರೆಗೂ ಮಿಕ್ಕ ತಾತಗುಣಿಯಲ್ಲಿ ಸುಗಂಧ ತೈಲ ನೀಡುವ ಲಿನಾಲೋ ಮರಗಳನ್ನು ಬೆಳೆಸಿದರು. ಮೊಟ್ಟಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರನ್ನು ಅರಸಿ ಬಂದಾಗ ನಟನೆ ತೊರೆದು ಕಾಲು ಶತಮಾನವೇ ಕಳೆದಿತ್ತು. ಬದುಕಿನ ಉತ್ತರಾರ್ಧವನ್ನು ಬಹುಮಟ್ಟಿಗೆ ನಮ್ಮ ನಡುವೆಯೇ ಕಳೆದರೂ ಕನ್ನಡಿಗರಿಗೆ ಅವರು ದೂರದವರಾಗಿಯೇ ಉಳಿದರೆನ್ನಬೇಕು.

ರೋರಿಕ್ 1993ರ ಜನವರಿಯಲ್ಲಿ, ದೇವಿಕಾ ರಾಣಿ 1994ರ ಮಾರ್ಚ್‌ನಲ್ಲಿ ನಿಧನರಾದರು. ಮಕ್ಕಳಿರಲಿಲ್ಲ. ಆಸ್ತಿಗೆ ಹಕ್ಕುದಾರರು ಹುಟ್ಟಿಕೊಂಡರು. ಎಸ್ಟೇಟನ್ನು ವಹಿಸಿಕೊಳ್ಳಲು ರಾಜ್ಯ ಸರ್ಕಾರ 1996ರಲ್ಲಿ ವಿಶೇಷ ಕಾಯ್ದೆಯನ್ನೇ ತಂದಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆಸ್ತಿಹಕ್ಕಿನ ವ್ಯಾಪ್ತಿಯನ್ನು ವಿವರಿಸುವಾಗ ವಕೀಲರು ಇಂದಿಗೂ ಆ ತೀರ್ಪನ್ನು ಉಲ್ಲೇಖಿಸುತ್ತಾರೆ.