ಓದುವ ಕಣ್ಣನ್ನು ಓದಿದ ಎಮಿಲ್ ಜವಾಲ್

ಗ್ರಂಥವನ್ನು ಓದುವಾಗ ದೃಷ್ಟಿಯು ಪಂಕ್ತಿಯ ಆದಿಯಿಂದ ಅಂತ್ಯದವರೆಗೆ ತೈಲಧಾರೆಯಂತೆ ಅವಿಚ್ಛಿನ್ನವಾಗಿ ಹರಿಯುವುದೆಂಬುದು ಬಹುಕಾಲ ಪಂಡಿತ ಪಾಮರರೆಲ್ಲರ ನಂಬಿಕೆಯಾಗಿದ್ದಿತು. ಅದು ಹಾಗಲ್ಲ, ಕಣ್ಣು ಜಿಗಿಯುತ್ತ, ನಿಲ್ಲುತ್ತ, ಮತ್ತೆ ಜಿಗಿಯುತ್ತ ಸಾಗುವುದೆಂಬ ಸಂಗತಿಯು ಪ್ರಯೋಗಸಿದ್ಧವಾದುದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಆ ಶೋಧದೊಡನೆ ಬೆಸೆದುಕೊಂಡಿರುವ ಹೆಸರು ಫ್ರಾನ್ಸ್ ದೇಶದ ನೇತ್ರವೈದ್ಯ ಎಮಿಲ್ ಜವಾಲನದು.

ಜವಾಲನು 1839ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದನು. ಮೊದಲು ಕಲಿತದ್ದು ಗಣಿವಿದ್ಯೆ. ಆದರೆ ತಂದೆಗೂ ಸೋದರಿಗೂ ಮೆಳ್ಳೆಗಣ್ಣಿನ ದೋಷವಿದ್ದುದು ಆತನನ್ನು ವೈದ್ಯಶಾಸ್ತ್ರದತ್ತ ಸೆಳೆಯಿತು; 1868ರಲ್ಲಿ ವೈದ್ಯ ಪದವಿ ಪಡೆದನು. ಎರಡು ಕಣ್ಣುಗಳಿಗೆ ಎರಡು ಬೇರೆ ಚಿತ್ರಗಳನ್ನು ತೋರಿಸಿ ಒಂದೇ ಘನದೃಶ್ಯದ ಭಾವವನ್ನುಂಟುಮಾಡುವ ಸ್ಟೀರಿಯೋಸ್ಕೋಪ್ ಎಂಬ ಉಪಕರಣವನ್ನು ಇಂಗ್ಲೆಂಡಿನ ವೀಟ್‌ಸ್ಟನ್ 1838ರಲ್ಲಿಯೇ ವಿವರಿಸಿದ್ದನು. ಜನರಿಗೆ ವಿನೋದದ ವಸ್ತುವಾಗಿದ್ದ ಅದನ್ನು ಜವಾಲನು ಚಿಕಿತ್ಸೆಗೆ ತೊಡಗಿಸಿ, ಅಡ್ಡದಾರಿ ಹಿಡಿದ ಕಣ್ಣುಗಳಿಗೆ ಒಂದಾಗಿ ನೋಡುವ ಅಭ್ಯಾಸವನ್ನು ತಾಳ್ಮೆಯಿಂದ ಕಲಿಸಿದನು.

1878ರಲ್ಲಿ ಸೋರ್ಬೋನ್ ವಿದ್ಯಾಪೀಠದ ನೇತ್ರವಿಜ್ಞಾನ ಪ್ರಯೋಗಶಾಲೆಗೆ ನಿರ್ದೇಶಕನಾದ ಬಳಿಕ ವಾಚನಕ್ರಿಯೆಯ ಪರಿಶೀಲನೆಗೆ ಕೈಹಾಕಿದನು. ಕಣ್ಣಿನ ಜಿಗಿತಗಳನ್ನು ಎಣಿಸುವುದು ಸುಲಭವಾಗಿರಲಿಲ್ಲ. ಆತನ ಸಹಾಯಕನಾದ ಲಮಾರ್, ರೆಪ್ಪೆಗೆ ಸಣ್ಣ ನಳಿಕೆಯನ್ನು ತಾಗಿಸಿ, ಪ್ರತಿ ಜಿಗಿತದ ಸದ್ದನ್ನು ಕಿವಿಯಿಂದ ಕೇಳಿ ಎಣಿಸಿದನು. ಅದೇ ಕಾಲಕ್ಕೆ, 1879ರಲ್ಲಿ, ಹೇರಿಂಗ್ ಎಂಬ ಜರ್ಮನ್ ವಿದ್ವಾಂಸನು ಸ್ವತಂತ್ರವಾಗಿ ಇಂಥದೇ ಮಾರ್ಗವನ್ನು ಹಿಡಿದಿದ್ದನು. ಕೀರ್ತಿಯೆಲ್ಲವನ್ನೂ ಜವಾಲನೊಬ್ಬನ ಕೊರಳಿಗೆ ತೊಡಿಸುವುದು ಆದುದರಿಂದ ನ್ಯಾಯವಲ್ಲ. ವಾಚನವನ್ನು ಶಾಸ್ತ್ರವಿಷಯವನ್ನಾಗಿ ಮಾಡಿದ ಶ್ರೇಯಸ್ಸು ಮಾತ್ರ ಆತನಿಗೆ ಸಲ್ಲತಕ್ಕದ್ದು.

ಕಣ್ಣಿನ ನಿಲುಗಡೆಗಳಿಂದ ಮನಸ್ಸಿನ ಶ್ರಮವನ್ನು ಅಳೆಯಬಹುದೆಂಬ ವಿಚಾರವು ಇಲ್ಲಿಂದಲೇ ಕವಲೊಡೆಯಿತು. ಕಠಿನವಾದ ಪಾಠದಲ್ಲಿ ದೃಷ್ಟಿಯು ಹೆಚ್ಚು ಹೊತ್ತು ನಿಲ್ಲುವುದು, ಮತ್ತೆ ಮತ್ತೆ ಹಿಂದಿರುಗುವುದು. ಮಕ್ಕಳಿಂದ ಗಟ್ಟಿಯಾಗಿ ಓದಿಸುವ ಉಪಾಧ್ಯಾಯರಿಗೆ ಇದು ಅಪರಿಚಿತವಲ್ಲ; ನಾಲಗೆ ತಡವರಿಸುವ ಮುನ್ನವೇ ಕಣ್ಣು ತಡವರಿಸಿರುತ್ತದೆ. ಇಂದು ತಲೆಗೆ ತೊಡುವ ವರ್ಚುವಲ್ ರಿಯಾಲಿಟಿ ಸಾಧನಗಳು ಕಣ್ಣಿಗೊಂದು ಚಿತ್ರವನ್ನು ತೋರಿಸುವುದು ಹಳೆಯ ಸ್ಟೀರಿಯೋಸ್ಕೋಪಿನ ತತ್ತ್ವದಿಂದಲೇ. ಅವುಗಳಲ್ಲಿ ಕೆಲವಕ್ಕೆ ಒಳಗೆ ಸಣ್ಣ ಕ್ಯಾಮೆರಾಗಳನ್ನಿಟ್ಟು, ತೊಟ್ಟವನ ದೃಷ್ಟಿ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಎಲ್ಲಿ ಅಲೆಯಿತು ಎಂಬುದನ್ನು ಗುರುತಿಸಿ, ಕೆಲಸದಲ್ಲಿ ಅವನ ಕೌಶಲವನ್ನು ಊಹಿಸುತ್ತಾರೆ. ಲಮಾರನ ಕಿವಿ ಮಾಡುತ್ತಿದ್ದ ಕೆಲಸವನ್ನು ಈಗ ಕ್ಯಾಮೆರಾ ಮಾಡುತ್ತಿದೆ.

ಇಷ್ಟೆಲ್ಲ ನೋಟದ ಗುಟ್ಟನ್ನರಸಿದವನ ಸ್ವಂತ ಕಣ್ಣುಗಳನ್ನೇ ಗ್ಲಾಕೋಮಾ ರೋಗವು ಆಕ್ರಮಿಸಿತು. 1900ರ ವೇಳೆಗೆ ಜವಾಲನು ಸಂಪೂರ್ಣ ಅಂಧನಾದನು. ರೋಗದ ಗತಿಯನ್ನು ಬಲ್ಲ ವೈದ್ಯನಿಗೆ ಮುಂದಾಗುವುದು ಮೊದಲೇ ತಿಳಿದಿದ್ದಿರಬೇಕು. ಆದರೂ ಆತನು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಕುರುಡರು ಸಾಲು ತಪ್ಪದೆ ಬರೆಯಲು ನೆರವಾಗುವ ಹಲಗೆಯೊಂದನ್ನು ರೂಪಿಸಿದನು. ದೃಷ್ಟಿ ಕಳೆದುಕೊಂಡವರ ನಿತ್ಯಜೀವನಕ್ಕೆ ಉಪಯುಕ್ತವಾದ ಪುಸ್ತಕವನ್ನು 1903ರಲ್ಲಿ ಪ್ರಕಟಿಸಿದನು. ಓದುಬರಹದ ಶಾರೀರಕ್ರಿಯೆಗಳನ್ನು ಕುರಿತ ಆತನ ದೊಡ್ಡ ಗ್ರಂಥವು 1905ರಲ್ಲಿ ಬೆಳಕು ಕಂಡಿತು. ಅದರ ಒಂದು ಪುಟವನ್ನೂ ಆತನು ಕಣ್ಣಾರೆ ಕಾಣಲಾರದವನಾಗಿದ್ದನು. 1907ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ದೇಹವನ್ನು ತ್ಯಜಿಸಿದನು.